ಬಸವನಹುಳುವಿನ ತೀರ್ಥ

ನನ್ನ ಬಾಯಿಗೆ ಬ್ರೇಕ್ ಇಲ್ಲ ಎಂಬುದು ದೇವದುರ್ಗದ ನಮ್ಮ ಓಣಿಯ ನಾಯಿಗಳಿಗೂ ಗೊತ್ತು. ರೊಟ್ಟಿ ಎರಡು ಬೇಕೋ ಮೂರೋ ಎಂದು ನಮ್ಮವ್ವ ಬೂದೆಮ್ಮ ಕೇಳಿದರೆ ನಾನು ಸ್ಲೋ ಮೋಷನ್ನಿನಲ್ಲಿ ತಿರುಗಿ, ಕಣ್ಣು ಕಿರಿದು ಮಾಡಿ, "ರೊಟ್ಟಿ ಎಣಿಸೋನು ಸಾಹುಕಾರ. ಹಸಿವನ್ನೇ ಹೆದರಿಸೋನು ಈ ವಿನೋದ!" ಎನ್ನುತ್ತೇನೆ.

"ಹೆದರಿಸಿದ್ದು ಆತಂದ್ರ ತಾಟು ತೊಳಿ" ಎನ್ನುತ್ತಾಳೆ ಅವಳು.

ಇಂಥ ಬಾಯಿ ಇಟ್ಟುಕೊಂಡು ನಾನು ರಾಯಚೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಅಲ್ಲಿ ನಾಹಿದ್ ಮೇಡಂ ಬಸವನಹುಳುವಿನ ರಕ್ತದ ಮೇಲೆ ಸಂಶೋಧನೆ ಮಾಡುತ್ತಾರೆ. ಹುಳ ಹಿಡಿದು ತರುವುದು, ಗಾಜು ತೊಳೆಯುವುದು, ಮೇಡಂ ಬೈದಾಗ ತಲೆ ತಗ್ಗಿಸುವುದು ನನ್ನ ಪಾಲಿನ ವಿಜ್ಞಾನ. ಸೇರಿದ ಹೊಸದರಲ್ಲಿ ಅವರು ನನ್ನನ್ನು ಕೂರಿಸಿ ಹೇಳಿದ್ದರು. ನಮ್ಮ ಮೈಯ ಒಂದೊಂದು ಜೀವಕೋಶದ ಮೇಲೂ ಸಕ್ಕರೆಯ ಕುಸುರಿ ಇರುತ್ತದೆ. ಕ್ಯಾನ್ಸರ್ ಹಿಡಿದ ಕೋಶದ ಮೇಲೆ ಆ ಕುಸುರಿ ಬದಲಾಗಿರುತ್ತದೆ. ಬಸವನಹುಳುವಿನ ರಕ್ತದಲ್ಲಿ ಲೆಕ್ಟಿನ್ ಎಂಬ ಪ್ರೋಟೀನಿದೆ. ಅದು ತನಗೆ ಬೇಕಾದ ಸಕ್ಕರೆಯನ್ನು ಗುರುತು ಹಿಡಿದು ಹೋಗಿ ಅಂಟಿಕೊಳ್ಳುತ್ತದೆ. ಔಷಧವನ್ನು ಈ ಲೆಕ್ಟಿನ್ನಿಗೆ ಕಟ್ಟಿ ಕಳಿಸಿದರೆ, ಅದು ಮೈಯೆಲ್ಲ ಅಲೆಯದೆ ರೋಗವಿರುವ ಕಡೆಗೇ ಹೋಗಬಹುದು.

"ಹೋಗಬಹುದು" ಎಂದು ಮೇಡಂ ಇನ್ನೊಮ್ಮೆ ಹೇಳಿದರು. "ಇನ್ನಾ ಗಾಜಿನ ತಟ್ಟ್ಯಾಗ ನೋಡಾಕತ್ತೀವಿ ಅಷ್ಟ. ಮನುಷ್ಯಾರ ತನಕ ಹೋಗೋದು ಭಾಳ ದೂರ ಅದ. ನೀ ಎಲ್ಲೇ ಮಾತಾಡು, ಆ ‘ಬಹುದು’ ನುಂಗಬ್ಯಾಡ. ಸಮ್ಝಾ?"

"ಕೊಟ್ಟ ಮಾತು, ಬಿಟ್ಟ ಬಾಣ ಮೇಡಂ!"

"ಬಾಣ ಬ್ಯಾಡ. ಸುಮ್ನ ಹೂಂ ಅನ್ನು."

ಹೂಂ ಅಂದೆ.

ಹುಳ ಸಿಗುವುದು ಭತ್ತದ ಗದ್ದೆಗಳಲ್ಲಿ. ಆದರೆ ಎಲ್ಲರೂ ಗದ್ದೆಗೆ ಕೀಟನಾಶಕದ ಎಣ್ಣೆ ಹೊಡೆಯುತ್ತಾರೆ, ಕೀಟದ ಜೊತೆ ಇವೂ ಹೋಗುತ್ತವೆ. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಮಲ್ಲಯ್ಯನವರು ಮಾತ್ರ ಮನೆಗೆ ಉಣ್ಣಲು ಬೆಳೆಯುವ ಕುರ್ಡಿ ಊರಿನ ಗದ್ದೆಗೆ ಏನೂ ಹೊಡೆಸುವುದಿಲ್ಲ ಎಂದು ಯಾರೋ ಹೇಳಿದರು. ಅನುಮತಿ ಕೇಳಲು ಮಾನ್ವಿಯ ಅವರ ಮನೆಗೆ ಹೋದೆ.

"ಜೀವ ಹಿಡ್ಯಾಕ ನಮ್ಮ ಗದ್ದೀನ ಬೇಕಾತೇನು?" ಎಂದರು ಮಲ್ಲಯ್ಯ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಹುಬ್ಬಿನ ಮೇಲೆ ಗಿರಣಿಯ ತೌಡಿನ ಪುಡಿ. "ನಾವು ಇರುವೀನ ಸೈತ ತುಳಿಯೋ ಮಂದಿ ಅಲ್ಲ. ಬ್ಯಾರೆ ಕಡಿ ನೋಡ್ಕೋ ಹೋಗಪಾ."

ಒಳಬಾಗಿಲಲ್ಲಿ ಅವರ ಹೆಂಡತಿ ಬಸವಂತಮ್ಮ ಕೂತಿದ್ದರು. ಎಡಗೈಯನ್ನು ಮೈಗೆ ತಾಗದಂತೆ ಮೊರದ ಮೇಲೆ ಇಟ್ಟುಕೊಂಡಿದ್ದರು. ಎದೆಯ ಗಂಟು ತೆಗೆಸಿದ್ದರು, ಈಗ ದಿನಾ ರಾಯಚೂರಿಗೆ ಹೋಗಿ ಕರೆಂಟ್ ಕೊಡಿಸಿಕೊಂಡು ಬರುತ್ತಿದ್ದರು. ರೇಡಿಯೇಷನ್ನಿಗೆ ನಮ್ಮ ಕಡೆ ಎಲ್ಲರೂ ಅನ್ನುವುದು ಹಾಗೆಯೇ. ಸುಟ್ಟ ಚರ್ಮ ಸೆರಗಿನ ಅಂಚಿನಲ್ಲಿ ಕರ್ರಗೆ ಕಾಣುತ್ತಿತ್ತು.

ಪ್ರೇಕ್ಷಕರು ಇಬ್ಬರಿದ್ದರು. ನನಗೆ ಅಷ್ಟು ಸಾಕು. ಟವೆಲ್ಲನ್ನು ಹೆಗಲ ಮೇಲೆ ಶಲ್ಯದ ಹಾಗೆ ಹೊದ್ದು, ಪೌರಾಣಿಕ ಸಿನಿಮಾದ ಗಂಟಲು ತೆಗೆದೆ.

"ಯಜಮಾನರೇ! ಇದನ್ನು ಬರೀ ಹುಳು ಎನ್ನಬೇಡಿ. ಇದರ ಹೆಸರು ಕೇಳಿ. ಬಸವನ ಹುಳು! ಕೈಲಾಸದಲ್ಲಿ ಶಿವನನ್ನು ಹೊತ್ತವನು ಬಸವ. ಭೂಲೋಕದಲ್ಲಿ ರೋಗದ ಗಂಟಿನ ತನಕ ಮದ್ದನ್ನು ಹೊರುವವನೂ ಬಸವ! ಇದರ ರಕ್ತ ಕೆಂಪಲ್ಲ, ನೀಲಿ. ಯಾರ ಬಣ್ಣ ಅದು? ನೀಲಕಂಠನ ಬಣ್ಣ!"

ರಕ್ತ ನೀಲಿ ಎಂಬುದು ನಿಜ. ಉಳಿದದ್ದನ್ನು ನಾನು ಅಲ್ಲೇ ನಿಂತು ಹೊಲಿದೆ. ಬಸವಂತಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು.

"ಯಪ್ಪಾ, ನಾಟಕದ ಕಂಪನಿಯಿಂದ ಬಂದಾನೇನ್ರಿ ಇವ?" ಎಂದು ಗಂಡನನ್ನು ಕೇಳಿ, ನನ್ನ ಕಡೆ ತಿರುಗಿದರು. "ಹುಳಾನ ಏನ್ ಮಾಡ್ತಿ, ಕೊಲ್ತಿಯೇನು?"

"ಛೇ ಛೇ ಅವ್ವಾ! ಒಂದೇ ಒಂದು ಹನಿ ತಗೊಂತೀವಿ. ತಿರುಗಿ ನಿಮ್ಮ ಕಾಲುವ್ಯಾಗ ತಂದು ಬಿಡ್ತೀವಿ."

ಮಲ್ಲಯ್ಯ ಮೆತ್ತಗಾದರು. ಬಸವಂತಮ್ಮ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಹಾಕಿಸಿದರು. ತಾವು ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಬಾಯಿಗೆ ಏನೂ ಹತ್ತುತ್ತಿಲ್ಲವಂತೆ. ನಾನು ಕೈ ತೊಳೆಯುವಾಗ ಮೆಲ್ಲಗೆ ಕೇಳಿದರು.

"ತಮ್ಮಾ, ನನ್ನ ಗಂಟಿನ ಬೇರಿಗೂ ಹೋಗ್ತದೇನೋ ಅದು?"

"ಅಡ್ರೆಸ್ ಕೇಳೋದೇ ಇಲ್ಲವ್ವಾ! ಇಡೀ ಊರು ಬಿಟ್ಟು ಕಳ್ಳನ ಬಾಗಲಿಗೇ ಹೋಗಿ ಒದೀತದ!"

ಅಲ್ಲೊಂದು ‘ಬಹುದು’ ಇರಬೇಕಿತ್ತು. ಇಟ್ಟಿದ್ದರೆ ಡೈಲಾಗಿನ ತಾಳ ತಪ್ಪುತ್ತಿತ್ತು.

ಆಗ ಗದ್ದೆಯಲ್ಲಿ ನಾಟಿ ನಡೆದಿತ್ತು. ಅವತ್ತೇ ಒಂದು ಚೀಲ ಹುಳ ಹಿಡಿದು ಒಯ್ದೆ. ನಾನು ಇನ್ನೊಮ್ಮೆ ಕುರ್ಡಿಗೆ ಹೋದಾಗ ಭತ್ತ ಮೊಣಕಾಲಿಗೆ ಬಂದಿತ್ತು. ಚೀಲ ಹಿಡಿದು ಕಾಲುವೆಗಿಳಿದೆ. ಒಂದು ಹುಳವೂ ಇಲ್ಲ. ಬದುವಿನ ಮೇಲೆ ಬೀಡಿ ಸೇದುತ್ತಿದ್ದ ಆಳು ಅಂಬಣ್ಣ ನನ್ನನ್ನು ನೋಡಿ ಹಲ್ಲು ಕಿರಿದ.

"ಏನ್ ಹುಡುಕಾಕತ್ತೀದಿ ಹೀರೋ? ಎಲ್ಲಾ ಯಜಮಾನ್ತಿ ಮನಿಗೆ ಹೋಗ್ಯಾವ. ದಿನಾ ಮುಂಜಾನಿ ನಾನ ಆರಿಸಿ ಒಯ್ದು ಕೊಡ್ತೀನಿ."

ನನಗಾಗಿ ಕೂಡಿಸಿಟ್ಟಿದ್ದಾರೆ ಎಂದುಕೊಂಡೆ. ಎಂಥ ತಾಯಿ, ಕೆಸರಿಗೆ ಇಳಿಯುವುದು ತಪ್ಪಿಸಿದಳು ಎಂದು ಸಿಳ್ಳೆ ಹಾಕುತ್ತ ಮಾನ್ವಿಯ ಬಸ್ಸು ಹತ್ತಿದೆ.

ಮನೆಯ ದೇವರ ಕೋಣೆಯಲ್ಲಿ ಹಿತ್ತಾಳೆಯ ಪರಾತ, ಅಗಲವಾದ ದೊಡ್ಡ ತಾಟು, ಇತ್ತು. ಅದರ ತುಂಬ ಬಸವನಹುಳು. ಒಂದೊಂದರ ಚಿಪ್ಪಿನ ಮೇಲೂ ವಿಭೂತಿ ಎಳೆದಿದ್ದರು. ಪರಾತದ ಅಂಚು ಹತ್ತಿ ತಪ್ಪಿಸಿಕೊಳ್ಳಲು ಹೊರಟ ಒಂದು ಹುಳ, ಮೂರು ಪಟ್ಟೆ ಬಳಿದುಕೊಂಡು, ಕೊಂಬು ಚಾಚಿಕೊಂಡು, ಮಠಕ್ಕೆ ಹೊರಟ ಅಯ್ಯನವರ ಹಾಗೆ ನಿಧಾನ ನಡೆದಿತ್ತು. ನನಗೆ ನಗು ಒತ್ತರಿಸಿ ಬಂತು.

ಬಸವಂತಮ್ಮ ಪರಾತದ ನೀರನ್ನು ಚಮಚದಲ್ಲಿ ತೆಗೆದು ಕಣ್ಣಿಗೊತ್ತಿಕೊಂಡು ಕುಡಿದರು. ಇನ್ನೊಂದು ಚಮಚ ನನ್ನ ಮುಂದೆ ಹಿಡಿದರು.

"ತಗೋ ತಮ್ಮಾ, ತೀರ್ಥ. ನೀನ ದಾರಿ ತೋರಿಸಿದಿ. ಹುಳಾನ ಕೊಲ್ಲಾಕ ನಮಗ ಆಗೂದಿಲ್ಲ. ಅದರ ಮೈ ತೊಳದ ನೀರು ಕುಡದ್ರ ಪಾಪ ಇಲ್ಲಲ್ಲ? ಈಗ ಹೊಟ್ಟಿ ನಡ್ಯಾಕತ್ತದ. ಒಳಗಿನ ಹೊಲಸೆಲ್ಲಾ ಹೊರಗ ಹೋಗಾಕತ್ತದ ಅನಸ್ತದ."

ಗದ್ದೆಯ ಹುಳದ ನೀರಿನಲ್ಲಿ ಎಂತೆಂಥ ಕ್ರಿಮಿ ಇರುತ್ತವೆ ಎಂದು ಮೇಡಂ ನನಗೆ ಸೂಕ್ಷ್ಮದರ್ಶಕದಲ್ಲೇ ತೋರಿಸಿದ್ದರು. ಅವರು ಚಮಚ ಹಿಡಿದೇ ಇದ್ದರು. ನಾನು ಕುಡಿದೆ. ಪಾಚಿಯ ವಾಸನೆ, ಮೇಲೆ ವಿಭೂತಿಯ ಚಪ್ಪೆ.

"ಮತ್ತ ಕರೆಂಟು?" ಎಂದೆ.

"ಬಿಟ್ಟೆ. ನೀ ಹೇಳಿ ಹೋದ ಮರುದಿನಾನ ಬಿಟ್ಟೆ. ಅದು ಒಳ್ಳೇದನ್ನೂ ಸುಡ್ತದ, ಕೆಟ್ಟದ್ದನ್ನೂ ಸುಡ್ತದ. ಇದು ಕಳ್ಳನ ಬಾಗಲಿಗೇ ಹೋಗ್ತದಲ್ಲ? ಗುಣ ಆದಮ್ಯಾಲ ಗೂಗಲ್ ಕ್ಷೇತ್ರಕ್ಕ ಹೋಗಿ ಇವನ್ನೆಲ್ಲಾ ಕೃಷ್ಣಾ ಹೊಳ್ಯಾಗ ಬಿಟ್ಟು, ಅಲ್ಲಮಪ್ರಭುವಿಗೆ ಕಾಯಿ ಒಡಸ್ತೀನಿ. ನೀನೂ ಬರಬೇಕು."

"ದವಾಖಾನಿಯವರು ಫೋನ್ ಮಾಡಿದ್ರು" ಎಂದರು ಮಲ್ಲಯ್ಯ. "ಊರಾಗ ಇಲ್ಲಂದೆ."

ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆದರೂ ಬಾಯಿ ತನ್ನ ಕಸುಬನ್ನೇ ಮಾಡಿತು. ನಾನೇ ಕಟ್ಟಿದ ಡೈಲಾಗನ್ನು ಇನ್ನೊಂದು ಡೈಲಾಗಿನಿಂದ ಹೊಡೆಯಬಹುದು ಎಂದುಕೊಂಡೆ.

"ಅವ್ವಾ, ಅದು ಬರೇ ಹೊರೋದು. ಮದ್ದು ಬ್ಯಾರೇನ ಇರ್ತದ. ಬೆನ್ನ ಮ್ಯಾಲ ಶಿವ ಇಲ್ಲದ ಬಸವ ಅಂದ್ರ ಖಾಲಿ ಎತ್ತು ಅಲ್ಲೇನ್ರಿ?"

"ಯಾವ ಗುಡ್ಯಾಗ ಬಸವನ ಬೆನ್ನ ಮ್ಯಾಲ ಶಿವ ಕುಂತಾನ ಹೇಳು? ಎಲ್ಲಾ ಕಡೀನೂ ಖಾಲಿ ಬೆನ್ನೀಲೇ ಕುಂತಿರ್ತಾನ. ನಾವೇನು ಕೈ ಮುಗಿಯೋದು ಬಿಟ್ಟೀವೇನು?"

ಮಲ್ಲಯ್ಯ ತೊಡೆ ತಟ್ಟಿ ನಕ್ಕರು. "ಸೋತಿ ಲೇ ಹೀರೋ!"

"ಇಲ್ರಿ, ನಾ ಅವತ್ತು ನಗಸಾಕ ಚಾಷ್ಟಿಗೆ ಹೇಳಿದ್ದೆ. ಸುಳ್ಳು ಅದು."

"ಇದೂ ಡೈಲಾಗೇನು?" ಎಂದರು ಬಸವಂತಮ್ಮ. "ಇದರಾಗ ದಮ್ ಇಲ್ಲ ಬಿಡು. ಅವತ್ತಿಂದು ಛಲೋ ಇತ್ತು."

ಹೊರಡುವಾಗ ಒಂದು ಚೀಲ ಹುಳ ಅವರೇ ಕಟ್ಟಿಕೊಟ್ಟರು. "ಹನಿ ತಗೊಂಡು ತಿರುಗಿ ತಂದು ಬಿಡು. ಸಣ್ಣವು ಅವ, ನೋಡಿ ಒಯ್ಯಿ, ಬಸ್ಸಿನ್ಯಾಗ ಯಾರರ ತುಳಿದಾರು."

ತೊಡೆಯ ಮೇಲೆ ಆ ಚೀಲ ಇಟ್ಟುಕೊಂಡು ರಾಯಚೂರಿಗೆ ಬಂದೆ. ಚೀಲದೊಳಗೆ ಒಂದರ ಮೇಲೊಂದು ಹತ್ತುವಾಗ ಚಿಪ್ಪಿಗೆ ಚಿಪ್ಪು ತಾಗಿ ಟಕ್ ಟಕ್ ಅನ್ನುತ್ತಿದ್ದವು. ಪಕ್ಕದಲ್ಲಿ ಕೂತವನು ಏನದು ಎಂದ. ಬೇರೆ ದಿನವಾಗಿದ್ದರೆ ಬಾಂಬ್ ಎನ್ನುತ್ತಿದ್ದೆ. ಹುಳ ಎಂದಷ್ಟೇ ಹೇಳಿ ಚೀಲದ ಬಾಯಿ ಬಿಗಿದೆ.

ಪ್ರಯೋಗಾಲಯದಲ್ಲಿ ಮೇಡಂ ಆ ಚೀಲದ ಹುಳಗಳನ್ನು ಮಂಜುಗಡ್ಡೆಯ ತಟ್ಟೆಯ ಮೇಲೆ ಮಲಗಿಸಿದರು. ಚಳಿಗೆ ಅವು ಮರಗಟ್ಟುತ್ತವೆ. ಆಮೇಲೆ ಚಿಪ್ಪು ಒಡೆದು, ಪಾದ ಸೀಳಿ, ರಕ್ತ ಎಳೆಯುತ್ತಾರೆ. ಒಂದು ಹನಿಯಲ್ಲ, ಬಂದಷ್ಟೂ. ಉಳಿದದ್ದನ್ನು ಚೀಲಕ್ಕೆ ಕಟ್ಟಿ ಎಸೆಯುವುದು ನನ್ನ ಕೆಲಸ. ಕುರ್ಡಿಯಿಂದ ಮೊದಲು ತಂದವನ್ನೂ ಹಾಗೇ ಎಸೆದಿದ್ದೆ, ಹಾಡು ಗುನುಗುತ್ತ.

ನಾನು ನಡೆದದ್ದನ್ನು ತಮಾಷೆಯ ಹಾಗೆ ಹೇಳತೊಡಗಿದೆ. ಅಯ್ಯನವರ ಹಾಗೆ ನಡೆದ ಹುಳದ ನಡಿಗೆಯನ್ನೂ ಮಾಡಿ ತೋರಿಸಿದೆ. ಮೇಡಂ ನಗಲಿಲ್ಲ. ಕೈಗವಸು ಕಳಚಿದರು.

"ಕರೆಂಟ್ ಬಿಟ್ಟು ಎಷ್ಟು ದಿನಾ ಆತು?"

"ನಾಟಿ ಮಾಡೋ ಹೊತ್ತಿಗೆ..."

"ತೌಬಾ! ನಡೀ, ಈಗ ಹೋಗೂನು."

"ನೀವ ಹೇಳ್ರಿ ಮೇಡಂ. ನೀವು ಡಾಕ್ಟರೇಟ್ ಮಾಡಿದವರು, ನಿಮ್ಮ ಮಾತು ಕೇಳ್ತಾರ."

"ನಾ ಹೇಳಿದ್ರ ನನ್ನೂ ನಂಬ್ತಾರ, ನಿನ್ನೂ ನಂಬ್ತಾರ. ನಿನ್ನ ನಂಬೋದು ಹೋಗಬೇಕಲ್ಲ ಮಾರಾಯಾ! ಅದನ್ನ ನೀನ ತೆಗೀಬೇಕು. ನಾ ಬಾಜೂಕ ನಿಂತಿರ್ತೀನಿ."

ನಾವು ಮಾನ್ವಿ ಮುಟ್ಟಿದಾಗ ಮಲ್ಲಯ್ಯ ಗಿರಣಿಯಿಂದ ಊಟಕ್ಕೆ ಬಂದಿದ್ದರು. ಬಸವಂತಮ್ಮ ಚಾಪೆಯ ಮೇಲೆ ಗೋಡೆಗೊರಗಿದ್ದರು. ಬೆಳಿಗ್ಗೆಗಿಂತ ಮುಖ ಇನ್ನಷ್ಟು ಇಳಿದಿತ್ತು. ನನ್ನನ್ನು ನೋಡಿದ ಕೂಡಲೆ ಎದ್ದು ಕೂತರು.

"ಬರ್ರಿ ಅಕ್ಕಾರ, ಬರ್ರಿ. ಇವರೇನು ನಿಮ್ಮ ಮೇಡಮ್ಮು? ಏನೋ, ಇಷ್ಟು ಲಗೂನ ತಂದು ಬಿಟ್ಟೇನು ಹುಳಾನ?"

ಬಸ್ಸಿನಲ್ಲಿ ನಾನು ಮಾತು ಜೋಡಿಸಿಕೊಂಡೇ ಬಂದಿದ್ದೆ. ಬಾಯಿ ತೆಗೆದರೆ, "ಅವ್ವಾ! ಇವತ್ತು ನಿನ್ನ ಮುಂದೆ ನಿಂತಿರೋದು ಮಗನಲ್ಲ, ಅಪರಾಧಿ..." ಎಂದು ಅದೇ ಗಂಟಲು ಹೊರಟಿತು. ಬಸವಂತಮ್ಮ ಬಾಯಿಗೆ ಸೆರಗು ಹಿಡಿದರು. ನಗಲು ಸಿದ್ಧರಾಗಿದ್ದರು. ಆ ಸೆರಗು ನೋಡಿ ಡೈಲಾಗನ್ನು ಅಲ್ಲೇ ಬಿಟ್ಟೆ. ನನ್ನ ಸ್ವಂತ ದನಿ ಯಾವುದೆಂದು ಹುಡುಕಬೇಕಾಯಿತು. ಸಿಕ್ಕಿದ್ದು ಸಣ್ಣದು, ಒಡಕಲು.

"ಅವು ಸತ್ತವ್ರಿ" ಎಂದೆ.

"ಯಾವು?"

"ನಾ ಒಯ್ದವು. ಎಲ್ಲಾ. ಒಂದೂ ತಿರುಗಿ ಬಿಟ್ಟಿಲ್ಲ. ಒಂದು ಹನಿ ತಗೊಳ್ಳೋದಲ್ರಿ ಅದು. ಮಂಜಿನ್ಯಾಗ ಇಟ್ಟು, ಚಿಪ್ಪು ಒಡದು, ಸೀಳಿ ತಗೊಂತೀವಿ. ಆಮ್ಯಾಲ ನಾನ ಒಯ್ದು ಚೆಲ್ತೀನಿ. ಖರೇ ಹೇಳಿದ್ರ ನೀವು ನನ್ನ ಗದ್ದ್ಯಾಗ ಇಳಿಗೊಡೂದಿಲ್ಲ ಅಂತ ಸುಳ್ಳು ಹೇಳಿದೆ."

ಸೆರಗು ಬಾಯಿಯಿಂದ ಕೆಳಗಿಳಿಯಿತು.

"ಮದ್ದೂ ಇಲ್ರಿ ಅದು. ಇನ್ನಾ ಯಾರಿಗೂ ಕೊಟ್ಟಿಲ್ಲ. ಕಳ್ಳನ ಬಾಗಲಿಗೆ ಒದೀತದ ಅಂದಿದ್ದು ನಾ ಕಟ್ಟಿದ್ದು. ನೀವು ನಗಲಿ ಅಂತ. ಆ ನೀರು ಕುಡದ್ರ ಬ್ಯಾರೆ ರೋಗ ಬರ್ತದ."

ಬಸವಂತಮ್ಮ ನನ್ನನ್ನು ದಾಟಿ ಮೇಡಂ ಕಡೆ ನೋಡಿದರು. "ಹೌದೇನ್ರಿ ಅಕ್ಕಾರ? ಕೊಲ್ತೀರೇನು?"

"ಹೌದ್ರಿ" ಎಂದರು ನಾಹಿದ್ ಮೇಡಂ. "ನನ್ನ ಕೈಯಾರೆ ಕೊಲ್ತೀನಿ. ಮುಂದ ಯಾರಿಗರ ಉಪಯೋಗ ಆಗಬಹುದು ಅಂತ. ಆಗದಿದ್ರೂ ಇರಬಹುದು."

ಮಲ್ಲಯ್ಯ ತಾಟು ಸರಿಸಿ ಎದ್ದರು. "ಲೇ ಹಲ್ಕಟ್! ನನ್ನ ಮನ್ಯಾಗ ಉಂಡು, ಬಸವನ ಹೆಸರು ಹೇಳಿ..." ಎನ್ನುತ್ತ ನನ್ನ ಕೊರಳಪಟ್ಟಿ ಹಿಡಿದರು. ಹೊಡೆಯಲಿ ಎಂದು ನಾನು ನಿಜವಾಗಿ ಬಯಸಿದೆ. ಒಂದೇಟು ಬಿದ್ದಿದ್ದರೆ ಎಲ್ಲರಿಗೂ ಏನೋ ಮುಗಿದಂತಾಗುತ್ತಿತ್ತು.

"ಬಿಡ್ರಿ ಅವನ" ಎಂದರು ಬಸವಂತಮ್ಮ. "ಅವ ಹೇಳಿದ. ಕೇಳಾಕ ನಮಗ ಛಲೋ ಅನಿಸ್ತು. ಕೇಳಿದ್ವಿ. ಆ ಕರೆಂಟಿಗೆ ಅಂಜಿದ್ದೆ ನಾ. ಯಾರರ ಬ್ಯಾಡ ಅನ್ನಲಿ ಅಂತ ಹಾದಿ ಕಾಯಾಕತ್ತಿದ್ದೆ."

ಹುಳಗಳನ್ನು ತಿರುಗಿ ಕಾಲುವೆಗೆ ಒಯ್ದು ಬಿಡಲು ಅಂಬಣ್ಣನಿಗೆ ಫೋನ್ ಮಾಡಿಸಿದರು. ಅವನು ಬರುವ ತನಕ ದೇವರ ಕೋಣೆಯಲ್ಲಿ ಕೂತು, ಒಂದೊಂದೇ ಹುಳವನ್ನು ಎತ್ತಿ, ಸೆರಗಿನ ತುದಿಯಿಂದ ಚಿಪ್ಪಿನ ಮೇಲಿನ ವಿಭೂತಿ ಒರೆಸಿದರು. ನಾನೂ ಕೂತು ಒರೆಸಲು ಕೈ ಹಾಕಿದೆ. ಪರಾತವನ್ನು ಆಚೆ ಸರಿಸಿಕೊಂಡರು.

"ನಾಳೆ ದವಾಖಾನಿಗೆ ಹೋಗೂನು" ಎಂದು ಗಂಡನಿಗೆ ಹೇಳಿದರು. "ಅಕ್ಕಾರ, ನೀವೂ ಬರ್ರಿ. ಡಾಕ್ಟರ್ ಹೇಳೂದು ನಮಗ ತಿಳಿಯೂದಿಲ್ಲ. ತಿಳದಷ್ಟೂ ನೀವು ಖರೇ ಹೇಳ್ರಿ."

ನನ್ನನ್ನು ಯಾರೂ ಕರೆಯಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಹೋಗಿ ಆಸ್ಪತ್ರೆಯ ಗೇಟಿನಲ್ಲಿ ನಿಂತೆ. ಮಲ್ಲಯ್ಯ ಕಾರಿನಿಂದಿಳಿದು ನನ್ನನ್ನು ನೋಡಿ ಮುಖ ತಿರುಗಿಸಿದರು. ಮೇಡಂ ಒಳಗೆ ಬಾ ಎಂದು ಗದ್ದದಿಂದ ಸನ್ನೆ ಮಾಡಿದರು.

ಡಾಕ್ಟರು ಕಾಗದ ತಿರುವಿ ಹಾಕುತ್ತ ಹೋದಂತೆ ಅವರ ಹುಬ್ಬು ಗಂಟಾಯಿತು. "ನಡುವೆ ಬಿಟ್ಟರೆ ಕೊಟ್ಟದ್ದರ ಬಲವೂ ಕಡಿಮೆ ಆಗುತ್ತೆ ಅಂತ ಮೊದಲೇ ಹೇಳಿದ್ದೆ. ಯಾರ್ರಿ ನಿಮಗೆ ಬಿಡೋಕೆ ಹೇಳಿದ್ದು?"

"ನಾನ್ರಿ ಸರ್" ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ಯಾರು?"

ನನ್ನ ಬಳಿ ಈ ಪ್ರಶ್ನೆಗೆ ಹತ್ತಾರು ಉತ್ತರಗಳಿದ್ದವು, ಎಲ್ಲಕ್ಕೂ ಹಿನ್ನೆಲೆ ಸಂಗೀತವೂ ಇತ್ತು. ಡಾಕ್ಟರು ಕಾಯದೆ ಮೇಡಂ ಕಡೆ ತಿರುಗಿದರು. ತಪ್ಪಿದ ದಿನಗಳನ್ನು ಲೆಕ್ಕ ಹಾಕಿ ಮತ್ತೆ ಶುರು ಮಾಡಬೇಕು, ಹೊಟ್ಟೆಗೆ ಬೇರೆ ಮಾತ್ರೆ ಕೊಡಬೇಕು, ಆಮೇಲೆ ನೋಡಬೇಕು ಎಂದರು. ಮೊದಲಿನಷ್ಟೇ ಗುಣ ಸಿಗುತ್ತದೆಯೇ ಎಂದು ಮೇಡಂ ಕೇಳಿದರು. ಈಗಲೇ ಏನೂ ಹೇಳಲಾರೆ ಎಂದರು. ಮೇಡಂ ಬಸವಂತಮ್ಮನಿಗೆ ಅದನ್ನು ಹಾಗೆಯೇ ಹೇಳಿದರು, ಒಂದು ಮಾತು ಕಡಿಮೆಯಿಲ್ಲದೆ. ಬಸವಂತಮ್ಮ ಹೂಂಗುಟ್ಟಿದರು.

ಕರೆಂಟಿನ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತಿದ್ದೆವು. ಮಲ್ಲಯ್ಯ ಕಾಗದಕ್ಕೆ ಮುದ್ರೆ ಹಾಕಿಸಲು ಕೆಳಗೆ ಹೋದರು. ಅವರು ಬರುವ ಮೊದಲೇ ನರ್ಸ್ ಬಾಗಿಲು ತೆರೆದು ಬಸವಂತಮ್ಮನ ಹೆಸರು ಕೂಗಿದಳು.

"ಕೊರಳಾಗಿಂದು ತೆಗೀರಿ ಅಜ್ಜಿ. ಬೆಳ್ಳಿ ಇಟ್ಕೊಂಡು ಒಳಗ ಬರಂಗಿಲ್ಲ. ನಿಮ್ಮ ಯಜಮಾನ್ರ ಕೈಯಾಗ ಕೊಡ್ರಿ."

ಬಸವಂತಮ್ಮ ಸೆರಗಿನೊಳಗಿಂದ ಬೆಳ್ಳಿಯ ಕರಡಿಗೆ ತೆಗೆದರು. ಒಳಗೆ ಇಷ್ಟಲಿಂಗ. ಲಿಂಗಧಾರಣೆಯಾದ ದಿನದಿಂದ ಮೈಬಿಟ್ಟಿರದ ಅದನ್ನು ಕರೆಂಟಿನ ಹೊತ್ತಿಗೆ ಮಾತ್ರ ಗಂಡನ ಅಂಗೈಯಲ್ಲಿ ಇಟ್ಟು ಹೋಗುತ್ತಿದ್ದರಂತೆ. ಮೆಟ್ಟಿಲ ಕಡೆ ನೋಡಿದರು. ಮಲ್ಲಯ್ಯ ಕಾಣಲಿಲ್ಲ. ನರ್ಸ್ ಬಾಗಿಲು ಹಿಡಿದೇ ನಿಂತಿದ್ದಳು, "ಲಗೂ ಅಜ್ಜಿ, ಹಿಂದ ಮಂದಿ ಅದ."

ನಾನು ಎದ್ದೆ. ಕೈಗಳು ತಾವಾಗಿಯೇ ಮುಂದೆ ಚಾಚಿದ್ದವು.

ಬಸವಂತಮ್ಮ ಆ ಕೈಗಳನ್ನು ನೋಡಿದರು. ಸಿಟ್ಟಿನಿಂದಲ್ಲ. ಪಾತ್ರೆ ಸೋರುತ್ತದೆಯೋ ಇಲ್ಲವೋ ಎಂದು ನೋಡುವ ಹಾಗೆ.

"ಅಕ್ಕಾರ" ಎಂದು ಮೇಡಂ ಕಡೆ ತಿರುಗಿದರು. "ನೀವು ಹಿಡೀತೀರೇನ್ರಿ?"

"ನಾನಾ?" ಮೇಡಂ ಗಾಬರಿಯಾದರು. "ನಿಮ್ಮ ದೇವರು... ನಾ ಹುಳಾ ಕಡಿಯೋ ಕೈಯವಳು..."

"ಕಡೀತೀನಿ ಅಂತ ಹೇಳಿ ಕಡೀತೀರಲ್ಲ. ಸಾಕು. ಹಿಡೀರಿ."

ಮೇಡಂ ಎರಡೂ ಅಂಗೈಗಳ ಮೇಲೆ ದುಪಟ್ಟಾ ಹರವಿಕೊಂಡರು. ಬಸವಂತಮ್ಮ ಕರಡಿಗೆಯನ್ನು ಹಣೆಗೊತ್ತಿ ಅದರ ಮೇಲೆ ಇಟ್ಟು, ಎಡಗೈಯನ್ನು ಮೈಯಿಂದ ದೂರ ಹಿಡಿದು ಒಳಗೆ ನಡೆದರು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು.

ಮೇಡಂ ಕೂರಲಿಲ್ಲ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಟ್ಟರೂ ಎಲ್ಲಿ ಅಲುಗುತ್ತದೋ ಎಂಬಂತೆ ನಿಂತರು. ನಾನೂ ಪಕ್ಕದಲ್ಲಿ ನಿಂತೆ, ಚಾಚಿದ್ದ ಕೈ ಎಲ್ಲಿಡಬೇಕೆಂದು ತಿಳಿಯದೆ. ಜೇಬಿಗೆ ಹಾಕಿದೆ. ಸರಿಯೆನಿಸಲಿಲ್ಲ, ಹೊರಗೆ ತೆಗೆದೆ.

"ವಿನೋದ" ಎಂದರು ಮೇಡಂ, ಬಾಗಿಲಿನಿಂದ ಕಣ್ಣು ತೆಗೆಯದೆ. "ಕನ್ನಡಕ ಜಾರಾಕತ್ತದ. ಸ್ವಲ್ಪ ಮ್ಯಾಲ ಮಾಡು."

ಒಂದು ಬೆರಳಿನಿಂದ ಅದನ್ನು ಮೇಲೆ ಸರಿಸಿದೆ.

"ಕೈ ತಗೀಬ್ಯಾಡ" ಎಂದರು. "ಮತ್ತ ಜಾರ್ತದ. ಹಿಡ್ಕೊಂಡು ನಿಂದ್ರು."